ಖಾಲಿ ಮನೆಯಿಂದ ಹೊರಗೆ ಬರದವಳು

೧

ಹಡಗಿನಿಂದ ಶುರು ಮಾಡಬೇಕಂತೆ. ಇಂಗ್ಲಿಷರು ಪರದೇಶಗಳನ್ನು ಹಿಡಿಯಲು ಹೊರಟ ಕಥೆಯಲ್ಲವೆ, ಹಾಯಿ ಬಿಚ್ಚಿಕೊಳ್ಳಬೇಕು, ಗಾಳಿ ಬೀಸಬೇಕು, ಗಡ್ಡದವನೊಬ್ಬ ದೂರಕ್ಕೆ ಬೆರಳು ತೋರಿಸಬೇಕು. ನಾನೂ ಹಾಗೇ ಒಂದು ಪುಟ ಬರೆದೆ. ಚೆನ್ನಾಗಿಯೇ ಇತ್ತು. ಹರಿದು ಹಾಕಿದೆ. ಅದರಲ್ಲಿ ನಮ್ಮ ಐರಿಷರು ಒಬ್ಬರೂ ಇರಲಿಲ್ಲ.

(ರಾಣಿಯಿಂದಲೂ ಶುರು ಮಾಡಬಹುದಿತ್ತು. ಆದರೆ ರಾಣಿಯರ ಎದುರು ನನಗೆ ಮಾತು ಹೊರಡುವುದಿಲ್ಲ. ಅಂಗಡಿಯವರ ಎದುರೇ ಹೊರಡುವುದಿಲ್ಲ.)

೨

ಹಾಗಾಗಿ ಒಂದು ಮನೆಯಿಂದ. ಐರ್ಲೆಂಡಿನ ಮನ್‌ಸ್ಟರ್ ಸೀಮೆ, ಬ್ಲ್ಯಾಕ್‌ವಾಟರ್ ನದಿಯ ದಂಡೆ, ೧೫೮೭ರ ಒಂದು ಬೆಳಿಗ್ಗೆ. ನಾನು ಹುಟ್ಟಿದ್ದೂ ಇದೇ ದಂಡೆಯಲ್ಲಿ, ನಾನೂರು ಚಿಲ್ಲರೆ ವರ್ಷ ತಡವಾಗಿ. ತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಮಾಡು. ಒಳಗೆ ಸೈವ್ ಎಂಬ ವಿಧವೆ ಒಲೆಯ ಮುಂದೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದಾಳೆ.

"ಏನದು?" ಅಂದಳು ಸೈವ್.

ಆಲೂಗಡ್ಡೆ, ಅಂದೆ. ನಾವು ಐರಿಷರು ತಿನ್ನುವುದು ಅದನ್ನೇ ಅಲ್ಲವೆ.

"ನಾನಂತೂ ಕಂಡಿಲ್ಲಮ್ಮ. ಬರೆಯೋಕೆ ಮುಂಚೆ ಒಂದು ಮಾತು ಕೇಳಬಾರದಾ?"

ನಿಜ. ಅದು ಇನ್ನೂ ನಮ್ಮ ಹೊಲಗಳಿಗೆ ಬಂದಿರಲಿಲ್ಲ. ಹೊಡೆದು ಹಾಕಿದೆ. ಸೈವ್ ಓಟ್ಸ್ ಹಿಟ್ಟು ಕಲಸುತ್ತಿದ್ದಾಳೆ. ಪಕ್ಕದಲ್ಲಿ ಮಜ್ಜಿಗೆಯ ಮರಿಗೆ. ಬಾಗಿಲ ಒಳಗೆ ಕಟ್ಟಿದ ಕಪ್ಪು ಹಸು.

೩

ಹೊರಗೆ ನಾಲ್ವರು ನಿಂತಿದ್ದಾರೆ.

ನಿಕೋಲಸ್ ಪೆಥರಿಕ್, ಇಂಗ್ಲೆಂಡಿನ ಡೆವನ್ ಕಡೆಯವನು, ಅಪ್ಪನಿಗೆ ಮೂರನೆಯ ಮಗ. ಅಲ್ಲಿ ಆಸ್ತಿಯೆಲ್ಲ ಹಿರಿಯನಿಗೇ ಹೋಗುತ್ತದೆ. ದಂಗೆ ಎದ್ದ ನಮ್ಮ ಪಾಳೇಗಾರನ ಸೀಮೆಯನ್ನು ರಾಣಿ ಹೋಳು ಮಾಡಿ ತನ್ನವರಿಗೆ ಹಂಚಿದಾಗ ಒಂದು ಹೋಳು ಇವನ ಪಾಲಿಗೆ ಬಂತು. ಅವನ ಹಿಂದೆ ಇಬ್ಬರು ಸಾಕ್ಷಿಗಳು, ಅವನ ಊರಿನವರೇ. ನಾಲ್ಕನೆಯವನು ಡೋನಹ, ಸೈವಳ ಸತ್ತ ಗಂಡನ ತಮ್ಮ. ದುಭಾಷಿಯೂ ಅವನೇ, ನೆಲ ಕೊಡುವವನೂ ಅವನೇ. ಏಕೆಂದರೆ ಈ ಮನೆ ಮತ್ತು ಸುತ್ತಲ ನೆಲ ಪಾಳೇಗಾರನದಲ್ಲ, ತಲೆತಲಾಂತರದಿಂದ ಈ ಕುಟುಂಬದ್ದು. ರಾಣಿಯ ಕಾಗದವೊಂದೇ ಸಾಲದು, ಮನೆಯ ಗಂಡಸು ತಾನಾಗಿ ಕೊಡಬೇಕು.

ಇಂಗ್ಲಿಷರ ಕಾನೂನಿನಲ್ಲಿ ನೆಲ ಕೈ ಬದಲಾಯಿಸುವುದು ಹೀಗೆ. ಕೊಡುವವನು ಅದೇ ನೆಲದಿಂದ ಹುಲ್ಲು ಸಮೇತ ಒಂದು ಹೆಂಟೆ ಕಿತ್ತು, ಎಳೆಯ ಕಡ್ಡಿಯೊಂದನ್ನು ಸಿಕ್ಕಿಸಿ, ಪಡೆಯುವವನ ಕೈಗೆ ಇಡಬೇಕು. ಆ ಹೊತ್ತಿನಲ್ಲಿ ಮನೆಯೊಳಗೆ ಒಂದು ನರಪಿಳ್ಳೆಯೂ ಇರಕೂಡದು. ಇದ್ದರೆ ಕೊಟ್ಟದ್ದು ಕೊಟ್ಟ ಹಾಗಲ್ಲ.

ಹೊರಗೆ ಬರಲೊಲ್ಲದ ಸೈವಳನ್ನು ಎಳೆದು ಹಾಕಬಹುದಿತ್ತು. ಬೇರೆ ಕಡೆ ಎಳೆದು ಹಾಕಿದ್ದಾರೆ. ಆದರೆ ಪಕ್ಕದ ಹೋಳು ಪಡೆದ ಇನ್ನೊಬ್ಬ ಇಂಗ್ಲಿಷಿನವನಿಗೂ ಈ ಮನೆಯ ಮೇಲೆ ಕಣ್ಣು. ಶಾಸ್ತ್ರದಲ್ಲಿ ಕೂದಲೆಳೆ ತಪ್ಪಿದರೂ ಕೋರ್ಟಿಗೆ ಓಡಲು ಕಾದಿದ್ದ. ಪೆಥರಿಕ್‌ಗೆ ನಮ್ಮ ಭಯವಿರಲಿಲ್ಲ. ತನ್ನವರ ಭಯವಿತ್ತು.

೪

ಡೋನಹನನ್ನು ಮನೆಮುರುಕನನ್ನಾಗಿ ಬರೆಯಲು ಹೊರಟೆ. ಕಿರಿದಾದ ಕಣ್ಣು, ಜಿಡ್ಡು ನಗು, ಎಲ್ಲ ಕೊಟ್ಟೆ. ಅವನು ನನ್ನ ಕಡೆ ತಿರುಗಿದ. "ಹಸಿವಿನ ವರ್ಷ ನೀನು ಎಲ್ಲಿದ್ದೆ?" ಅಂದ.

ಇರಲಿಲ್ಲ. ಐದು ವರ್ಷದ ಹಿಂದೆ ರಾಣಿಯ ಸೈನ್ಯ ಬೆಳೆ ಸುಟ್ಟಾಗ ಜನ ಹಳ್ಳದ ಸೊಪ್ಪು ತಿಂದರು. ಆಮೇಲೆ ಸೊಪ್ಪು ಮಿಕ್ಕಿತು, ಜನ ಮಿಗಲಿಲ್ಲ. ಡೋನಹನಿಗೆ ಉಳಿದದ್ದು ಎರಡು ಹೆಣ್ಣುಮಕ್ಕಳು. ಹೆಂಟೆ ಕೊಟ್ಟರೆ ನದಿ ಕಡೆಯ ಮೂರು ಹೊಲ ಗೇಣಿಗೆ ಕೊಡುತ್ತೇನೆಂದು ಪೆಥರಿಕ್ ಮಾತು ಕೊಟ್ಟಿದ್ದಾನೆ. ಕಣ್ಣು, ನಗು ಎರಡನ್ನೂ ವಾಪಸು ತೆಗೆದುಕೊಂಡೆ.

೫

ಡೋನಹ ಹೆಂಟೆಯನ್ನು ಆಗಲೇ ಕಿತ್ತು ಎರಡೂ ಕೈಯಲ್ಲಿ ಹಿಡಿದಿದ್ದ. ಬಾಗಿಲಿಗೆ ಬಂದು, ಒಂದು ಗಳಿಗೆ ಹೊರಗೆ ಬಾ ಅತ್ತಿಗೆ, ಆಮೇಲೆ ಒಳಗೆ ಹೋಗುವೆಯಂತೆ, ಅಂದ.

"ಬಂದವಳನ್ನ ಆಮೇಲೆ ಒಳಗೆ ಬಿಡೋರು ಯಾರು?"

ಸೈವ್ ಹಸುವಿನ ಕಡೆ ಗಲ್ಲ ತೋರಿಸಿ, ಇದೂ ಬರಬೇಕೋ ಅಂತ ಕೇಳಿದಳು. ಹಸು ಇದ್ದರೆ ತೊಂದರೆಯಿಲ್ಲ, ಅದು ಲೆಕ್ಕಕ್ಕಿಲ್ಲ ಅಂದ.

"ಅಂದ್ರೆ ನಾನು ಲೆಕ್ಕಕ್ಕಿದೀನಿ. ಇಷ್ಟು ಮರ್ಯಾದೆ ಇವರು ಕೊಟ್ಟಿದ್ದು ಇದೇ ಮೊದಲು ಕಣೋ."

ಪೆಥರಿಕ್‌ಗೆ ತಾಳ್ಮೆ ಸಾಲಲಿಲ್ಲ. ಅಳತೆಯವರು ಬರೆದ ಕಾಗದ ಬಿಚ್ಚಿ ಗಟ್ಟಿಯಾಗಿ ಓದಿದ. (ಅಳತೆಯವರು ಎದುರು ಗುಡ್ಡದ ಮೇಲೆ ಕುದುರೆಯಿಂದ ಇಳಿಯದೆ ಬರೆದದ್ದು. ಹೊಗೆ ಕಂಡಿರಬೇಕು, ಮಂಜು ಅಂದುಕೊಂಡರು.) ಡೋನಹ ತಲೆ ತಗ್ಗಿಸಿ ತಿಳಿಸಿದ: ಪಾಳು ನೆಲ, ವಾಸವಿರುವವರು ಯಾರೂ ಇಲ್ಲ.

ಸೈವ್ ಕೈಗೆ ಮೆತ್ತಿದ ಹಿಟ್ಟನ್ನು ಬೆರಳು ಬೆರಳಾಗಿ ಬಿಡಿಸಿಕೊಂಡಳು.

"ಕಾಗದದಲ್ಲಿ ನಾನು ಇಲ್ಲ ತಾನೆ? ಇಲ್ಲದವಳು ಹೊರಗೆ ಹೇಗೆ ಬರ್ತಾಳೆ, ಕೇಳು ನಿನ್ನ ದೊರೇನ."

ಡೋನಹ ಕೇಳಿದ. ಒಬ್ಬ ಸಾಕ್ಷಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡ. ಪೆಥರಿಕ್ ಕಾಗದವನ್ನು ಇನ್ನೊಂದು ಸಲ ಓದಿದ, ಈ ಸಲ ಮನಸ್ಸಿನಲ್ಲೇ. ಯಾರೂ ಇಲ್ಲ ಎಂದರೆ ಖಾಲಿ ಮಾಡಿಸುವ ಹಾಗಿಲ್ಲ. ಇದ್ದಾಳೆ ಎಂದರೆ ಕಾಗದ ಸುಳ್ಳು, ಸುಳ್ಳು ಕಾಗದದ ಮೇಲೆ ಪಕ್ಕದವನು ಬೀಳುತ್ತಾನೆ.

೬

ಈಗ ನಿಮ್ಮ ಹತ್ತಿರ ಮಾತಾಡಬೇಕು. ಈ ಕಥೆ ಮುಗಿಯಬೇಕಾದರೆ ಸೈವ್ ಹೊರಗೆ ಬರಬೇಕು. ಮೂರು ಮುಕ್ತಾಯ ಬರೆದು ನೋಡಿದೆ.

ಒಂದು. ಮಾಡಿಗೆ ಬೆಂಕಿ ಹಚ್ಚುತ್ತಾರೆ. ಹೊಗೆಯ ತನಕ ಬರೆದೆ. "ಮಾಡು ಹೋದರೆ ಗೋಡೆ ಇದೆ, ಗೋಡೆ ನಡುವೆ ಕೂತಿರ್ತೀನಿ, ಮುಂದೆ ಬರಿ" ಅಂದಳು. ನನ್ನಿಂದಾಗಲಿಲ್ಲ.

ಎರಡು. ಸಾಯುವ ತನಕ ನೀನು ಇಲ್ಲೇ ಇರು ಎಂದು ಪೆಥರಿಕ್ ಆಣೆ ಇಡುತ್ತಾನೆ, ಅವಳು ನಂಬಿ ಬರುತ್ತಾಳೆ. ಓದುವವರಿಗೆ ಹಿತವಾಗಿರುತ್ತದೆ. ಆದರೆ ನಾನು ಮಾತಾಡದೆ ನೋಡುತ್ತಿರುವವಳು. ಆಣೆ ಇಡುವಾಗ ಅವನ ಕಾಲು ಹೊಸ ಮನೆಯ ತಳಪಾಯವನ್ನು ಹೆಜ್ಜೆಯಲ್ಲಿ ಅಳೆಯುತ್ತಿತ್ತು. ಹೊಡೆದು ಹಾಕಿದೆ.

ಮೂರು. ಎಲ್ಲಕ್ಕಿಂತ ಸುಲಭದ್ದು. ಯಾರೂ ಅವಳನ್ನು ಮುಟ್ಟುವುದಿಲ್ಲ. ಹೆಂಟೆ ಕೊಡುತ್ತಾರೆ, ತೆಗೆದುಕೊಳ್ಳುತ್ತಾರೆ, ಸಾಕ್ಷಿ ಬರೆಯುತ್ತಾನೆ: ಮನೆಯಲ್ಲಿ ಯಾರೂ ಇರಲಿಲ್ಲ. ಮೂರೇ ಪದ. ಸಮುದ್ರದಾಚೆಯ ಕಾಡುಗಳಲ್ಲೂ ಅವರು ನೆಟ್ಟದ್ದು ಇದೇ ಮೂರು ಪದ. ನಿಮ್ಮ ದೇಶದ ಕಡೆಗೆ ಬರುವ ಹೊತ್ತಿಗೆ ಅವರ ಕೈ ಪಳಗಿತ್ತು. ಪಳಗಿದ್ದು ಇಲ್ಲಿ, ಈ ಬಾಗಿಲಲ್ಲಿ.

೭

ಸಾಕ್ಷಿಯ ಕೈಯಲ್ಲಿ ಲೇಖನಿ ಇರಲಿಲ್ಲ. ನಾನು ಕೊಟ್ಟಿರಲಿಲ್ಲ. ಪೆಥರಿಕ್ ಅತ್ತಿತ್ತ ನೋಡಿ ಕೊನೆಗೆ ನನ್ನ ಕಡೆ ತಿರುಗಿದ. ಬರೆಯುವವಳು ನೀನೇ ತಾನೆ, ಮೂರು ಪದ ಬರಿ, ಎಲ್ಲರೂ ಊಟಕ್ಕೆ ಹೋಗೋಣ, ಅಂದ. ಡೋನಹನ ಸಹಾಯವಿಲ್ಲದೆ ಅರ್ಥವಾಯಿತು. (ಅವನ ಭಾಷೆಯೇ ಈಗ ನನ್ನ ಮನೆಯ ಭಾಷೆ. ಸೈವಳ ಭಾಷೆ ನನಗೆ ಶಾಲೆಯಲ್ಲಿ ಕಲಿತಷ್ಟೇ ಗೊತ್ತು.)

ನಾನು ಜಗಳಕ್ಕೆ ನಿಲ್ಲುವವಳಲ್ಲ. ಅವನ ಪಕ್ಕದಿಂದ ಹಾದು, ಹಸುವನ್ನು ಬಳಸಿ, ಒಳಗೆ ಹೋಗಿ ಕೂತೆ. ಸೈವ್ ಸರಿದು ಜಾಗ ಕೊಟ್ಟಳು. ಮಸಿ ಹತ್ತಿದ ನನ್ನ ಕೈ ನೋಡಿ, ತೊಳೆದುಕೋ ಅಂದಳು. ತೊಳೆದುಕೊಂಡೆ.

ಹೊರಗೆ ಗುಸುಗುಸು ನಡೆಯಿತು. ಆಮೇಲೆ ಡೋನಹನ ದನಿ.

"ಅತ್ತಿಗೆ, ಒಳಗೆ ಎಷ್ಟು ಜನ ಇದೀರಿ ಅಂತ ಕೇಳ್ತಿದಾರೆ."

"ಇನ್ನೂ ಬರೋರಿದಾರೆ ಅನ್ನು," ಅಂದಳು ಸೈವ್, ನಿಮ್ಮ ಕಡೆ ನೋಡಿ.

ಮುಂದೇನಾಯಿತು ಎಂದು ನನ್ನನ್ನು ಕೇಳಬೇಡಿ, ನಾನು ಒಳಗಿದ್ದೇನೆ. ಬಾಗಿಲ ಸಂದಿಯಿಂದ ಕಾಣುವುದಿಷ್ಟೇ: ಡೋನಹ ಇನ್ನೂ ಆ ಹೆಂಟೆ ಹಿಡಿದು ನಿಂತಿದ್ದಾನೆ, ಅಂಚಿನಿಂದ ಮಣ್ಣು ಉದುರುತ್ತಿದೆ. ಕೈ ನೋಯುತ್ತಿದ್ದರೆ ಕಿತ್ತ ಜಾಗದಲ್ಲೇ ಇಡಲಿ.