ಎತ್ತಿನ ಬೆನ್ನಿಗೆ ಸುಣ್ಣ

ಲಿವೋರ್ನೋದ ಬಿಯೆಂತಿನೇಸಿ ಗ್ಯಾಲರಿಯಲ್ಲಿ ನೂರು, ನೂರೈವತ್ತು ವರ್ಷ ಹಳೆಯ ಚಿತ್ರಗಳದ್ದೇ ವ್ಯಾಪಾರ. ಅವಕ್ಕೆ ಚೌಕಟ್ಟು ಕಟ್ಟುವವಳು ನಾನು.

ಅವತ್ತು ನನ್ನ ಮೇಜಿನ ಮೇಲೆ ಫೋಸ್ಕಾ ಅಜ್ಜಿಯ ಚಿತ್ರವಿತ್ತು. ಚುಟ್ಟಾ ಪೆಟ್ಟಿಗೆಯ ಮುಚ್ಚಳದ ಮೇಲೆ ಕರಾಯ್ ಎಂಬಾತ ಬರೆದ ಸಂಜೆಯ ಕಡಲತಡಿ, ಒಂದು ಎತ್ತು. ಅಜ್ಜಿಯ ಅಜ್ಜನ ಮನೆಯಲ್ಲಿ ಉಂಡುಹೋದ ಋಣಕ್ಕೆ ಆತ ಬರೆದುಕೊಟ್ಟದ್ದು. ಆ ಕಾಲದವರು ಬೇಕಾದ ಬಣ್ಣ ಹಲಗೆಯ ಮರದಲ್ಲೇ ಇದ್ದರೆ ಅಲ್ಲಿ ಕುಂಚ ಮುಟ್ಟಿಸುತ್ತಿರಲಿಲ್ಲ. ಕರಾಯ್ ಎತ್ತಿನ ಬೆನ್ನನ್ನು ಹಾಗೇ ಬಿಟ್ಟಿದ್ದ. ಬರೀ ಮರ, ಅದರದೇ ಕಂದು ಬಣ್ಣ.

ಈಗ ಅದು ಸುಣ್ಣ ಬಳಿದಂತೆ ಬೆಳ್ಳಗಿತ್ತು. ಅಜ್ಜಿ ಕೇಳಿದ್ದು ಹುಳ ತಿಂದ ಚೌಕಟ್ಟು ಬದಲಿಸಿ ಎಂದು, ಅಷ್ಟೇ.

ಚಿತ್ರ ದುರಸ್ತಿ ಮಾಡುವ ಹೊಸಬ ತಾಂಕ್ರೇದಿಯ ಮುಂದೆ ಹಲಗೆ ಹಿಡಿದೆ.

"ಏನಯ್ಯಾ ಇದು?"

"ಬಣ್ಣ ಉದುರಿತ್ತು ದೆಲ್ಮಾ, ತುಂಬಿಸ್ದೆ. ನಮ್ಮ ಮಾರೆಮ್ಮಾ ಸೀಮೆ ಎತ್ತು ಬಿಳೀದೇ ಅಲ್ವಾ? ಯಾವ ಪುಸ್ತಕ ಬೇಕಾದ್ರೂ ತೆಗೆದು ನೋಡು."

"ಸಂಜೆ ಹೊತ್ತು ಎತ್ತು ನೋಡಿದೀಯಾ? ನಮ್ಮಪ್ಪ ಎರಡು ಸಾಕಿದ್ದ. ಸೂರ್ಯ ಇಳಿಯೋವಾಗ ಅವು ಬೆಂದ ರೊಟ್ಟಿ ಬಣ್ಣ ಆಗ್ತವೆ, ಪೆದ್ದೇ!"

"ನೀನು ಹಳ್ಳಿ ಶಾಲೆಯೋಳು. ನಾನು ಫ್ಲಾರೆನ್ಸಲ್ಲಿ ಐದು ವರ್ಷ ಕಲ್ತಿದೀನಿ."

"ಐದು ವರ್ಷದಲ್ಲಿ ಒಂದು ಸಲಾನೂ ಕಿಟಕಿ ತೆಗೀಲಿಲ್ವಾ?"

ಧಣಿ ಬಿಯೆಂತಿನೇಸಿ ಒಳಬಂದ. "ಕೂಗಾಡ್ಬೇಡ. ಚೊಕ್ಕ ಮಾಡು ಅಂತ ನಾನೇ ಹೇಳಿದ್ದೆ. ಚಂದ ಕಂಡ್ರೆ ಒಳ್ಳೆ ಬೆಲೆ ಬರತ್ತೆ, ಮುದುಕಿ ಮಾರೋಕೆ ಒಪ್ತಾಳೆ. ನೀನು ಬಾಯಿ ಮುಚ್ಕೊಂಡು ಚೌಕಟ್ಟು ಹಾಕು."

ನಾನು ಹಾಕಲಿಲ್ಲ.

ಹನ್ನೊಂದಕ್ಕೆ ಅಜ್ಜಿ ಬಂದಳು. ಕನ್ನಡಕ ಒರೆಸಿ, ಮತ್ತೆ ಹಾಕಿ ನೋಡಿದಳು.

"ಇದು ನಮ್ಮ ಎತ್ತಲ್ಲ."

"ಕೊಳೆ ಹೋಗಿದೆ ಸಿನ್ಯೋರಾ," ಎಂದ ಧಣಿ. "ಇದೇ ನಿಜವಾದ ಬಣ್ಣ."

ಅಜ್ಜಿಯ ದನಿ ಕುಗ್ಗಿತು. "ಹಾಗಾದ್ರೆ ಎಂಬತ್ತು ವರ್ಷ ನಾನು ಕೊಳೆ ನೋಡ್ಕೊಂಡು ಖುಷಿಪಟ್ನಾ?"

ನಂಬಿಬಿಟ್ಟಳು! ಆ ಸುಳ್ಳನ್ನು ನಂಬಿ ನಾಚಿಕೊಂಡಳು. ನನ್ನ ನೆತ್ತಿ ಕಾದುಹೋಯಿತು.

"ಅದು ಕೊಳೆಯಲ್ಲ ಅಜ್ಜಿ, ಈ ಬಿಳೀನೇ ಕೊಳೆ," ಎಂದು ಕಡ್ಡಿಗೆ ಹತ್ತಿ ಸುತ್ತಿ ಬಾಯಿಗಿಟ್ಟುಕೊಂಡೆ. ನಮ್ಮ ಕಸುಬಿನಲ್ಲಿ ಚಿತ್ರ ಒರೆಸಲು ಎಂಜಲಿಗಿಂತ ಒಳ್ಳೆಯ ನೀರಿಲ್ಲ.

"ದೆಲ್ಮಾ! ಮುಟ್ಟಿದ್ಯೋ, ಕೆಲಸ ಹೋಯ್ತು ಅಂದ್ಕೋ!"

"ಹೋಗ್ಲಿ." ತಾಂಕ್ರೇದಿಯ ಕಡೆ ತಿರುಗಿದೆ. "ಹಚ್ಚಿರೋದು ನೀರುಬಣ್ಣ ತಾನೇ? ತೆಗೆಯೋಕೆ ಬರೋದನ್ನೇ ಹಚ್ಬೇಕು ಅಂತ ಫ್ಲಾರೆನ್ಸಲ್ಲಿ ಅಷ್ಟಾದ್ರೂ ಹೇಳ್ಕೊಟ್ಟಿದಾರಾ?"

ಅವನು ಹೌದೆಂದು ತಲೆಯಾಡಿಸಿದ.

ಉಜ್ಜಿದೆ. ಹತ್ತಿ ಬೆಳ್ಳಗಾಯಿತು. ಇನ್ನೊಂದು ಕಡ್ಡಿ, ಮತ್ತೊಂದು. ಬಾಯಿ ಒಣಗಿದಾಗ ಅಜ್ಜಿಯೇ ನೀರಿನ ಲೋಟ ಚಾಚಿದಳು. ಏಳನೆಯ ಕಡ್ಡಿಗೆ ಬೆನ್ನಿನ ಮೇಲೆ ಸಂಜೆಯ ಬಿಸಿಲು ಮರಳಿತು. ಬಾಲದ ಹತ್ತಿರ ಮರದ ಗೀರಿನೊಳಗೆ ಮಾತ್ರ ಒಂದು ಬಿಳಿ ಚುಕ್ಕೆ ಕೂತುಬಿಟ್ಟಿತ್ತು.

"ಅದು ಬರಲ್ವಾ?"

"ಕೆರೆದ್ರೆ ಮರ ಹೋಗತ್ತೆ ಅಜ್ಜಿ. ಬರಲ್ಲ."

ಅವಳು ಧಣಿಯತ್ತ ತಿರುಗಿಯೂ ನೋಡದೆ ಹಲಗೆಯನ್ನು ತಲೆವಸ್ತ್ರದಲ್ಲಿ ಸುತ್ತಿಕೊಂಡು ಹೊರಟಳು. ನಾನು ಸುತ್ತಿಗೆ, ಮೊಳೆ, ಹೊಸ ಚೌಕಟ್ಟು ಎತ್ತಿಕೊಂಡು ಹಿಂದೆಯೇ ನಡೆದೆ.

ಅವಳ ಅಡುಗೆಮನೆಯ ಮೇಜಿನ ಮೇಲೆ ಚೌಕಟ್ಟು ಕೂಡಿಸುವಾಗ, ನನ್ನ ಸಿಟ್ಟಿಗೆ ಎರಡು ಮೊಳೆ ಸೊಟ್ಟಗಾದವು.