ರುಚಿ ಹೇಳದ ಅತ್ತೆ

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವಳಿಗೆ ಮದುವೆಯಾಗಿ ಎಷ್ಟೋ ವರ್ಷಗಳಾಗಿದ್ದವು, ಅಡುಗೆ ಹೊಸದೇನಲ್ಲ. ಆದರೆ ಅತ್ತೆಯ ಮನೆಗೆ ಬಂದು ಸೇರಿದ ಮೇಲೆ ಒಲೆಯ ಮುಂದೆ ನಿಂತರೆ ಸಾಕು, ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು.

ಅತ್ತೆಯ ಕೈರುಚಿ ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ. ಬರಿ ನೀರು ಕಾಯಿಸಿ ಕೊಟ್ಟರೂ ಇನ್ನೊಂದು ಲೋಟ ಕೇಳುವಂತಿರುತ್ತೆ ಎಂದು ಜನ ತಮಾಷೆ ಮಾಡುತ್ತಿದ್ದರು. ಹಿಂದಿನ ವರ್ಷ ಅತ್ತೆ ಕೆಟ್ಟ ಜ್ವರ ಬಂದು ಮಲಗಿ ಎದ್ದಿದ್ದರು. ಇನ್ನು ಒಬ್ಬರನ್ನೇ ಬಿಡಬಾರದೆಂದು ಮಗ ಸೊಸೆ ಬಾಡಿಗೆ ಮನೆ ಖಾಲಿ ಮಾಡಿಕೊಂಡು ಬಂದರು. ಬಂದ ದಿನವೇ ಅತ್ತೆ ತಮ್ಮ ಕೈಲಿನ್ನು ಆಗದು ಎಂದು ಸೌಟನ್ನು ಸೊಸೆಗೆ ಒಪ್ಪಿಸಿಬಿಟ್ಟರು.

ಅಂದಿನಿಂದ ಅತ್ತೆ, ಸೊಸೆ ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡು ಏಳುತ್ತಿದ್ದರು. ಚೆನ್ನಾಗಿದೆ ಎನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನುತ್ತಿರಲಿಲ್ಲ. ಬೈದಿದ್ದರೂ ವಾಸಿಯಿತ್ತು. ಆ ಮೌನವನ್ನು ಹೇಗೆ ಅರ್ಥ ಮಾಡಿಕೊಳ್ಳುವುದೆಂದೇ ಸೊಸೆಗೆ ತಿಳಿಯಲಿಲ್ಲ. ಗಂಡನನ್ನು ಕೇಳಿ ಪ್ರಯೋಜನವಿರಲಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿಯುವ ಅವನು ಕಾಗದ ಬೇಯಿಸಿ ಬಡಿಸಿದರೂ ಚೆನ್ನಾಗಿದೆ ಎನ್ನುವ ಆಸಾಮಿ. ಅವಳೇ ಅಡುಗೆಯನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೆಕ್ಕಿ ನೋಡುವಳು. ಊಟದ ಹೊತ್ತಿಗೆ ಹಸಿವೇ ಸತ್ತಿರುತ್ತಿತ್ತು. ಬೆಳಗಿನ ಅಡುಗೆಗೆ ಉಪ್ಪು ಜಾಸ್ತಿಯಾಯಿತೇನೋ ಎಂಬ ಯೋಚನೆಯಲ್ಲಿ ಒಂದು ದಿನ ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಕೊಟ್ಟು ಮಾಲೀಕರಿಂದ ಮಾತು ಕೇಳಿದಳು.

ಹೀಗಿರುವಾಗ ಗಂಡನ ಅಕ್ಕನ ಫೋನು ಬಂತು. ಭಾನುವಾರ ಅವಳ ಹುಟ್ಟುಹಬ್ಬ. ಸಂಜೆ ತವರಿಗೆ ಬರುತ್ತಾಳಂತೆ. ಅಮ್ಮ ಮಾಡುತ್ತಿದ್ದ ಬೆಣ್ಣೆ ಕೇಕನ್ನು ಈ ಸಲ ತಮ್ಮನ ಹೆಂಡತಿಯ ಕೈಯಲ್ಲಿ ತಿನ್ನುವ ಆಸೆಯಂತೆ. ಆ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ, ಸೊಸೆಗೆ ಮಾತ್ರ ಅಲ್ಲಿಂದ ನಿದ್ದೆ ನೆಟ್ಟಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಕೇಕು ಓವನ್ನಿಗೆ ಹೋಯಿತು. ಆಗ ನೋಡಿದರೆ ಚಹಾಕ್ಕೆ ಹಾಲಿಲ್ಲ. ಗಂಡ ಅಕ್ಕನನ್ನು ಕರೆತರಲು ಆಗಲೇ ಹೊರಟಿದ್ದ. ಅತ್ತೆ ಓವನ್ನಿನ ಪಕ್ಕದ ಸ್ಟೂಲಿನ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಬಟಾಣಿ ಸುಲಿಯುತ್ತಿದ್ದರು. ಕೇಕಿನ ಘಮ ಬಂದ ಕೂಡಲೇ ಆರಿಸಿಬಿಡಿ ಎಂದು ಹೇಳಿ ಸೊಸೆ ಅಂಗಡಿಗೆ ಓಡಿದಳು. ಅತ್ತೆ ಒಂದು ಕ್ಷಣ ತಡೆದು ತಲೆಯಾಡಿಸಿದರು.

ಅಂಗಡಿಯಲ್ಲಿ ಜನ ಸಾಲುಗಟ್ಟಿದ್ದರು. ಹಾಲು ಹಿಡಿದು ತಿರುಗಿ ಬರುವಾಗ ಮೆಟ್ಟಿಲ ಬುಡದಲ್ಲೇ ಮೂಗಿಗೆ ಸೀದ ವಾಸನೆ ಬಡಿಯಿತು. ಏದುಸಿರು ಬಿಡುತ್ತ ಹತ್ತಿ ಬಂದು ನೋಡಿದರೆ ಓವನ್ನಿನ ಬಾಗಿಲ ಸಂದಿಯಿಂದ ಹೊಗೆ ಜಿನುಗುತ್ತಿದೆ. ಅತ್ತೆ ಬೆನ್ನು ಹಾಕಿ ಕುಳಿತು ಬಟಾಣಿ ಸುಲಿಯುತ್ತಲೇ ಇದ್ದಾರೆ. ಬೇಕೆಂದೇ ಸುಟ್ಟರು, ಮಗಳ ಮುಂದೆ ನನ್ನ ಮಾನ ಕಳೆಯಲಿಕ್ಕೇ ಸುಮ್ಮನೆ ಕೂತರು ಎಂದುಕೊಂಡಳು. ಓವನ್ ಆರಿಸಿ, ಕರಿ ಇಟ್ಟಿಗೆಯಂತಾಗಿದ್ದ ಕೇಕನ್ನು ಹೊರಗೆ ತೆಗೆದಳು.

"ಇಷ್ಟು ಹತ್ರ ಕೂತಿದ್ದೀರಿ. ವಾಸನೆ ಬರಲಿಲ್ವಾ ಅತ್ತೆ?"

ಅತ್ತೆ ತಿರುಗಿ ಹೊಗೆ ನೋಡಿದರು. ಮಡಿಲಿನ ಬಟಾಣಿ ನೆಲಕ್ಕೆ ಚೆಲ್ಲಿತು.

"ಇಲ್ಲ ಕಣೇ," ಎಂದರು, ಮುಖ ತೋರಿಸಲಾರದವರಂತೆ. "ಜ್ವರ ಬಂದಾಗಿನಿಂದ ಮೂಗು, ನಾಲಿಗೆ ಎರಡೂ ಸತ್ತುಹೋಗಿದೆ. ನೀನು ಹಾಕಿದ್ದು ಉಪ್ಪೋ ಸಕ್ಕರೆನೋ ನಂಗೆ ಗೊತ್ತಾಗಲ್ಲ."

"ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ನಂಗೆ ಇದ್ದಿದ್ದು ಕೈರುಚಿ ಅನ್ನೋ ಅದೊಂದೇ ಹೆಸರು. ಚೆನ್ನಾಗಿದೆ ಅಂದ್ರೆ ಸುಳ್ಳಾಗುತ್ತೆ ಅಂತ ಸುಮ್ನಿದ್ದೆ."

ಸೊಸೆ ಅಲ್ಲೇ ನೆಲದ ಮೇಲೆ ಕುಳಿತಳು. ಇಷ್ಟು ದಿನ ತಾನು ಹೆದರಿ ನಡುಗಿದ್ದು ಏನೂ ತಿಳಿಯದ ನಾಲಿಗೆಗೆ. ಅದನ್ನು ಮುಚ್ಚಿಟ್ಟುಕೊಂಡು ಅತ್ತೆ ನಡುಗಿದ್ದು ತನಗೆ. ಅವಳು ಒಂದೊಂದೇ ಬಟಾಣಿ ಹೆಕ್ಕಿ ಅತ್ತೆಯ ಮಡಿಲಿಗೆ ಹಾಕತೊಡಗಿದಳು.

ಅತ್ತೆಯೇ ಮೊದಲು ಎದ್ದರು. ಬೆಣ್ಣೆ ಇನ್ನೂ ಇದೆಯಲ್ಲ ಎಂದು ಕೇಳಿ ಬೋಗುಣಿ ಮುಂದಿಟ್ಟರು. ಹೊತ್ತು ಕಡಿಮೆಯಿತ್ತು. ಅವಸರದಲ್ಲಿ ಸೊಸೆಯ ಕೈ ಜಾರಿ ಒಂದು ಮೊಟ್ಟೆ ಕಟ್ಟೆಯ ಮೇಲೇ ಒಡೆಯಿತು. ಅತ್ತೆ ಬೆಣ್ಣೆ ಸಕ್ಕರೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಇನ್ನೂ ತರಿ ಇದೆ, ಕಲಸು ಎನ್ನುವರು. ಸೊಸೆ ನೆಕ್ಕಿ ನೋಡಿ ಸಿಹಿ ಸಾಕು ಎನ್ನುವಳು. ಗಂಡ, ಅವನ ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕೇಕು ಓವನ್ನಿನಲ್ಲೇ ಇತ್ತು. ಈ ಸಲ ಸೊಸೆ ಅಲ್ಲಿಂದ ಕದಲಲಿಲ್ಲ. ಘಮ ಬಂತು ಎಂದಳು. ಅತ್ತೆ ಕೇಕಿನ ನಡುವೆ ಬೆರಳೊತ್ತಿ ನೋಡಿ, ತೆಗಿ ಎಂದರು.

ಕೇಕು ಒಂದು ಬದಿ ಬಿರಿದಿತ್ತು. ಗಂಡನ ಅಕ್ಕ ಒಂದು ತುಂಡು ಬಾಯಿಗಿಟ್ಟು, ಅಮ್ಮನ ಕೇಕಿನ ಥರ ಇಲ್ಲ, ಸಿಹಿ ಒಂದು ಚೂರು ಕಮ್ಮಿ ಎಂದಳು. ಅತ್ತೆ ಲೋಟ ಕೆಳಗಿಟ್ಟರು.

"ನಂಗೆ ರುಚಿ ಹೋಗಿ ವರ್ಷವಾಯ್ತಮ್ಮ. ಇನ್ನು ಈ ಮನೇಲಿ ನಾಲಿಗೆ ಇವಳದೇ. ಇವಳು ಸಾಕು ಅಂದ್ರೆ ಸಾಕು."

ಮಗಳು ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಅಮ್ಮನನ್ನು ನೋಡಿದಳು. ಮಗ, ನನಗ್ಯಾಕೆ ಹೇಳಲಿಲ್ಲ ಎಂದ. ನೀನು ಎಲ್ಲಕ್ಕೂ ಚೆನ್ನಾಗಿದೆ ಅಂತೀಯಲ್ಲ ಎಂದರು ಅತ್ತೆ. ಎಲ್ಲರೂ ನಕ್ಕರು, ಮಗಳು ನಗುತ್ತಲೇ ಕಣ್ಣೊರೆಸಿಕೊಂಡಳು.

ಮರುವಾರ ಡಾಕ್ಟರಿಗೆ ತೋರಿಸಿದರು. ವಾಸನೆ ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಅವರು. ಸೊಸೆಯ ಅಳುಕು ಪೂರ್ತಿ ಹೋಗಲಿಲ್ಲ. ಒಲೆ ಆರಿಸುವ ಮುನ್ನ ಇನ್ನೊಮ್ಮೆ ನೆಕ್ಕಿ ನೋಡುವ ಚಾಳಿ ಹಾಗೇ ಉಳಿಯಿತು. ಆದರೆ ಈಗ ಊಟಕ್ಕೆ ಕೂತಾಗ ಅತ್ತೆ ಮೊದಲ ತುತ್ತು ಕೈಯಲ್ಲಿ ಹಿಡಿದು, ಇವತ್ತು ಹೇಗಾಗಿದೆ ಹೇಳು ಎನ್ನುತ್ತಾರೆ. ಹುಳಿ ಮುಂದಾಗಿದೆ, ಖಾರ ಆಮೇಲೆ ಬರುತ್ತೆ ಎಂದು ಅವಳು ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. ಅದನ್ನು ಕೇಳಿಕೊಂಡು ಅತ್ತೆ ಉಣ್ಣುತ್ತಾರೆ.