ಗೋಡೆ ಡಾಕ್ಟರಮ್ಮ

ಎಂಥ ಕೊರೆಯುವ ಚಳಿಯಲ್ಲೇ ಆಗಲಿ, ಯಾರದೇ ಮನೆಯ ಹೊಸ್ತಿಲು ದಾಟಿದ ಕೂಡಲೇ ಅವಳು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಮೈಮೇಲಿನ ಕೋಟು ಕಳಚಿ ಮನೆಯವರ ಕೈಗೆ ಕೊಡುವುದು. ಕೋಟಾದ ಮೇಲೆ ಸ್ವೆಟರ್, ಸ್ವೆಟರಾದ ಮೇಲೆ ಕಾಲುಚೀಲ. ಹಾಗೆ ತೆಳುವಾದ ಅಂಗಿಯಲ್ಲಿ, ಬರಿಗಾಲಲ್ಲಿ, ಒಂದೊಂದು ಕೋಣೆಯಲ್ಲೂ ಹತ್ತು ಹತ್ತು ನಿಮಿಷ ಮಾತಿಲ್ಲದೆ ನಿಂತಿರುತ್ತಿದ್ದಳು. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. "ಅಯ್ಯೋ, ಹಾಕ್ಕೊಳ್ಳಿ, ನೆಗಡಿ ಆಗುತ್ತೆ" ಎಂದು ಯಾರಾದರೂ ಕನಿಕರಪಟ್ಟರೆ, "ಆಗಲಿ ಬಿಡಿ, ಯಾವ ಕೋಣೇಲಿ ಆಗುತ್ತೆ ಅಂತ ಗೊತ್ತಾಗ್ಬೇಕಲ್ಲ" ಎನ್ನುತ್ತಿದ್ದಳು. ಚಳಿಗಾಲ ಪೂರ್ತಿ ಅವಳ ಮೂಗು ಕೆಂಪಗಿರುತ್ತಿತ್ತು.

ಹಳೆಯ ಮನೆಗಳನ್ನು ಕಡಿಮೆ ಇಂಧನದಲ್ಲಿ ಬೆಚ್ಚಗಿರುವಂತೆ ದುರಸ್ತಿ ಮಾಡಿಸಿಕೊಳ್ಳುವವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಆದರೆ ಪರವಾನಗಿ ಪಡೆದ ಸಲಹೆಗಾರರೊಬ್ಬರು ಮನೆ ನೋಡಿ, ನಕ್ಷೆ ಬರೆದು, ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಸಹಿ ಹಾಕಿಕೊಟ್ಟ ಮೇಲಷ್ಟೇ ಅರ್ಜಿ ಮುಂದಕ್ಕೆ ಹೋಗುವುದು. ನನ್ನ ಗೆಳತಿ ಇಪ್ಪತ್ತೆರಡು ವರ್ಷ ಮಾಡಿದ್ದು ಈ ಕೆಲಸವನ್ನು. ಜನ ಅವಳನ್ನು ಗೋಡೆ ಡಾಕ್ಟರಮ್ಮ ಎಂದು ಕರೆಯುತ್ತಿದ್ದರು. ಗ್ರಂಥಾಲಯದಿಂದ ನಾನು ನಿವೃತ್ತಳಾದ ವಾರವೇ ಮನೆಗೆ ಬಂದು, "ಓದಿದ್ದು ಸಾಕು, ಎದ್ದು ಬಂದು ಟೇಪ್ ಹಿಡಿ" ಎಂದಳು. ಅಂದಿನಿಂದ ಅಳತೆಯ ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಕಳೆದ ತಿಂಗಳು ಅವಳು ತೀರಿಕೊಂಡಳು. ನನ್ನ ತುದಿಯನ್ನು ಎಲ್ಲಿಡಬೇಕೆಂದು ಇನ್ನೂ ತಿಳಿದಿಲ್ಲ.

ಅವಳ ನಡಿಗೆ ನೇರವಾದುದಾಗಿರಲಿಲ್ಲ. ಕೋಣೆಯ ನಡುವೆ ಎಷ್ಟು ಜಾಗವಿದ್ದರೂ ಗೋಡೆಯನ್ನೇ ಹಿಡಿದು ಅಡ್ಡಡ್ಡ ಸರಿಯುತ್ತ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅಂಗೈಯ ಹಿಂಬದಿಯನ್ನು ಗಾರೆಗೆ ಒತ್ತುತ್ತ ಹೋಗುತ್ತಿದ್ದಳು. ಮಾತಿಗೆ ಮೊದಲು ಒಂದು "ಇರಲಿ" ಬರುತ್ತಿತ್ತು. ಅವಳು ಇರಲಿ ಎಂದ ಯಾವುದೂ ಇದ್ದಂತೆ ಉಳಿಯುವುದಿಲ್ಲವೆಂದು ಬಲ್ಲ ಮೇಸ್ತ್ರಿಗಳ ಮುಖ, ಆ ಮಾತು ಕಿವಿಗೆ ಬಿದ್ದೊಡನೆ ಇಳಿದುಹೋಗುತ್ತಿತ್ತು. ಜೊತೆಯಲ್ಲಿ ಕರೆದುಕೊಂಡು ಹೋಗಲು ಭಯಪಡಬೇಕಾದ ಹೆಂಗಸು ಅವಳು. ಸಾವಾದ ಮನೆಗೆ ಮಾತನಾಡಿಸಿಕೊಂಡು ಬರಲು ಹೋದಾಗಲೂ ಕಿಟಕಿಯ ಸಂದಿಗೆ ಬೆರಳಿಟ್ಟು ಗಾಳಿ ನೋಡುತ್ತಿದ್ದುದನ್ನು ಕಂಡು ನಾನು ಅವಳ ತೊಡೆ ಚಿವುಟಿದ್ದೇನೆ.

ಮನೆಯ ನಕ್ಷೆ ಸಿದ್ಧವಾದ ಮೇಲೆ ಅವಳು ಕೆಂಪು ಪೆನ್ಸಿಲು ಹಿಡಿದು, ಬೆಚ್ಚಗಿರಬೇಕಾದ ಕೋಣೆಗಳನ್ನೆಲ್ಲ ಸುತ್ತುವರಿಯುವ ಒಂದೇ ಒಂದು ಗೆರೆ ಎಳೆಯುತ್ತಿದ್ದಳು. ಆ ಗೆರೆ ಹಾದುಹೋದಲ್ಲೆಲ್ಲ, ಗೋಡೆಗಾಗಲಿ ಅಟ್ಟಕ್ಕಾಗಲಿ ನೆಲಕ್ಕಾಗಲಿ, ಶಾಖ ತಡೆಯುವ ದಪ್ಪ ಹೊದಿಕೆ ಬರಬೇಕು. ಗೆರೆಯ ಒಳಗಿದ್ದದ್ದು ಮನೆ. ಹೊರಗೆ ಉಳಿದದ್ದು ಬಯಲಿಗೆ ಸಮ.

ಅವಳ ಬಗ್ಗೆ ನನಗೆ ಹೇಳಲೇಬೇಕಾಗಿರುವುದು ಟೈಲರ್ ಒಬ್ಬರ ಮನೆಯ ಸಂಗತಿ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ. ಒಂದರಲ್ಲಿ ಅವರು, ಇನ್ನೊಂದರಲ್ಲಿ ಹೆಂಡತಿ. ಟೈಲರಿಗೆ ಬೇಕಾಗಿದ್ದದ್ದು ಬೀದಿಗೆ ಕಾಣುವಂಥ ಒಂದು ದೊಡ್ಡ ಹೀಟರು.

"ಎದುರುಮನೆಯವರು ಹಾಕ್ಸಿದ್ದಾರಲ್ಲ ಮೇಡಂ, ಆ ಮಷೀನು ಮೊದಲು ಬರ್ಕೊಳ್ಳಿ."

"ಇರಲಿ. ನಿಮ್ಮ ಹತ್ರ ಒಬ್ಬ ಬಂದು, ಮೊದಲು ಗುಂಡಿ ಹೊಲಿದಿಡಿ, ಬಟ್ಟೆ ಆಮೇಲೆ ತರ್ತೀನಿ ಅಂದ್ರೆ ಏನಂತೀರಿ?"

"ಹೊಲಿದು ಕೊಟ್ಟೇಬಿಡ್ತಾರೆ ಅಕ್ಕ," ಎಂದು ಹೆಂಡತಿ ಸೂಜಿಯಿಂದ ಕಣ್ಣೆತ್ತದೆ ನಕ್ಕಳು. "ಯಾರಿಗೂ ಇಲ್ಲ ಅನ್ನೋಕೆ ಇವರಿಗೆ ಬಾಯೇ ಬರಲ್ಲ."

ಹೀಗೆ ಮೊದಲು ಅಟ್ಟ, ಆಮೇಲೆ ಗೋಡೆ, ಆಮೇಲೆ ಕಿಟಕಿ, ಕೊನೆಗೊಂದು ಚಿಕ್ಕ ಹೀಟರು ಎಂದು ನಿಶ್ಚಯವಾಯಿತು. ಅಡುಗೆಮನೆಯ ಹಿಂದೆ ಒಂದು ಕೋಣೆ ಇತ್ತು. ಬಾಗಿಲು ತೆರೆದರೆ ಉಣ್ಣೆ ಬಟ್ಟೆಯ ಸುರುಳಿಗಳನ್ನು ಎದೆಮಟ್ಟಕ್ಕೆ ಪೇರಿಸಿದ್ದರು. "ಅದು ಬಿಡಿ, ಗೋಡೌನು" ಎಂದರು ಟೈಲರ್. ಕಾಲಿಡಲು ಜಾಗವಿರಲಿಲ್ಲ. ಆ ಮನೆಯಲ್ಲಿ ಅವಳು ಒಳಗೆ ಹೋಗಿ ನಿಲ್ಲದ ಕೋಣೆ ಅದೊಂದೇ. ಕೆಂಪು ಗೆರೆ ಅದನ್ನು ಹೊರಗೆ ಬಿಟ್ಟು ಅಡುಗೆಮನೆಯ ಗೋಡೆಗುಂಟ ಹಾದುಹೋಯಿತು.

ಚಳಿ ಶುರುವಾಗುವ ಹೊತ್ತಿಗೆ ಮಂಜೂರಾತಿ ಪತ್ರ ಬಂತು. ಮೇಸ್ತ್ರಿಯೂ ದಿನ ಗೊತ್ತುಮಾಡಿದ. ಕೆಲಸದ ಕ್ರಮವನ್ನು ಮತ್ತೊಮ್ಮೆ ವಿವರಿಸಲೆಂದು ನಾವು ಹೋದಾಗ ಅಡುಗೆಮನೆಯಲ್ಲಿ ಮುದುಕಿಯೊಬ್ಬಳು ಕೂತಿದ್ದಳು. ಟೈಲರ್ ಅವರ ಅತ್ತೆ, ಹೆಂಡತಿಯ ತಾಯಿ. ನಾವು ಅಳತೆಗೆ ಬಂದಿದ್ದಾಗ ಕಿರಿಯ ಮಗಳ ಮನೆಗೆ ಹೋಗಿದ್ದವಳು. ಒಲೆಯ ಪಕ್ಕದ ಬೆಂಚಿನ ಮೇಲೆ ಮಡಿಸಿಟ್ಟ ಹಾಸಿಗೆ, ಬೆಂಚಿನಡಿಯಲ್ಲಿ ಮಾತ್ರೆಯ ಡಬ್ಬಿ, ಕನ್ನಡಕ. ನನ್ನ ಗೆಳತಿ ಅವನ್ನೇ ನೋಡುತ್ತ ನಿಂತಳು.

"ಅಜ್ಜಿ, ನೀವು ಮಲಗೋದು ಇಲ್ಲೇನಾ?"

"ಹೂಂ ತಾಯಿ. ಒಲೆ ಹತ್ರ ಬೆಚ್ಚಗಿರುತ್ತೆ."

"ಮುಂಚೆ?"

ಮುದುಕಿ ಗದ್ದದಿಂದ ಹಿಂದಿನ ಕೋಣೆಯನ್ನು ತೋರಿಸಿದಳು. "ಅದು ನಂದೇ. ಎರಡು ವರ್ಷದ ಹಿಂದೆ ಚಳಿ ತಡೆಯೋಕಾಗ್ಲಿಲ್ಲ, ಎದ್ದು ಇಲ್ಲಿಗೆ ಬಂದೆ. ಖಾಲಿ ಇತ್ತಲ್ಲ, ಅಳಿಯಂದಿರು ಬಟ್ಟೆ ಇಟ್ಕೊಂಡ್ರು. ಪಾಪ, ಅವರದೇನು ತಪ್ಪು."

ನನ್ನ ಗೆಳತಿ ಆ ಕೋಣೆಗೆ ಹೋಗಿ ಸುರುಳಿಗಳನ್ನು ಒಂದೊಂದಾಗಿ ಎತ್ತಿ ಈಚೆಗಿಟ್ಟಳು. ಕೆಳಗೆ ಮಂಚವಿತ್ತು. ಗೋಡೆಯಲ್ಲೊಂದು ಮೊಳೆ, ಮೊಳೆಗೊಂದು ಕೈಗನ್ನಡಿ. ತೆರವಾದ ಅಷ್ಟು ಜಾಗದಲ್ಲಿ ಹತ್ತು ನಿಮಿಷ ನಿಂತಳು. ಈಚೆ ಬಂದವಳೇ ಟೈಲರ್ ಅವರ ಮುಂದೆ ನಕ್ಷೆ ಹರಡಿದಳು.

"ತಪ್ಪು ನಂದು. ಗೆರೆ ಹೀಗೇ ಉಳಿದ್ರೆ ಈ ಮನೆಯಿಂದ ಆ ಕೋಣೆಗೆ ಹೋಗ್ತಿರೋ ಅಷ್ಟಿಷ್ಟು ಶಾಖಾನೂ ನಿಂತುಹೋಗುತ್ತೆ. ಅಜ್ಜಿಗೆ ಆ ಕೋಣೆ ಇನ್ಯಾವತ್ತೂ ಸಿಗಲ್ಲ. ಈ ಮಂಜೂರಾತಿ ವಾಪಸ್ಸು ಕೊಟ್ಟು ಹೊಸದಾಗಿ ಅರ್ಜಿ ಹಾಕೋಣ."

"ಮತ್ತೆ ಎಷ್ಟು ದಿನ?"

"ಈ ಚಳಿಗಾಲ ಹೋಯ್ತು ಅಂತಲೇ ಲೆಕ್ಕ."

ಟೈಲರ್ ಕತ್ತರಿಯನ್ನು ಮೇಜಿನ ಮೇಲೆ ಎಸೆದರು. "ಕೈಗೆ ಬಂದಿರೋ ಕಾಗದ ವಾಪಸ್ಸು ಕೊಡೋದಾ? ತಲೆ ನೆಟ್ಟಗಿದೆಯಾ ನಿಮಗೆ? ಅತ್ತೆಗೆ ಅಡುಗೆಮನೆ ಚೆನ್ನಾಗೇ ಇದೆ, ಬೇಕಾದ್ರೆ ಕೇಳಿ!"

"ಚೆನ್ನಾಗಿದೆ, ಚೆನ್ನಾಗಿದೆ," ಎಂದಳು ಮುದುಕಿ, ಕೇಳುವುದಕ್ಕೂ ಮೊದಲೇ.

ಹೆಂಡತಿಯ ಯಂತ್ರ ನಿಂತಿತು. "ಅಮ್ಮ, ನೀನು ಸುಮ್ನಿರು. ರೀ, ಒಂದು ತೋಳು ಬಿಟ್ಟು ಹೊಲಿದಿರೋದು ಗೊತ್ತಾದ್ಮೇಲೂ ಇಸ್ತ್ರಿ ಹಾಕಿ ಗಿರಾಕಿಗೆ ಕೊಡ್ತೀರಾ? ಅಕ್ಕ, ಎಲ್ಲಿ ಸಹಿ ಹಾಕ್ಬೇಕು, ತನ್ನಿ."

ಕಚೇರಿಯ ಫಾರಂನಲ್ಲಿ ಬದಲಾವಣೆಗೆ ಕಾರಣ ತಿಳಿಸಲು ಎರಡು ಚೌಕಗಳಿದ್ದವು: ಮನೆಯವರು ತಪ್ಪು ಮಾಹಿತಿ ಕೊಟ್ಟರು ಎಂಬುದೊಂದು, ಸಲಹೆಗಾರರ ಲೋಪ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗುರುತು ಹಾಕಿದರೆ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ಸಹೋದ್ಯೋಗಿಗಳೆಲ್ಲ ಅದನ್ನೇ ಹೇಳಿದರು. ಅವಳು ಎರಡನೆಯದಕ್ಕೆ ಹಾಕಿದಳು. ಹೊಸದಾಗಿ ಕೈಗೆತ್ತಿಕೊಳ್ಳುವ ಮನೆಗಳಿಗೆ ಸಹಿ ಮಾಡುವ ಅವಳ ಅಧಿಕಾರವನ್ನು ಕಚೇರಿಯವರು ಆರು ತಿಂಗಳು ತಡೆಹಿಡಿದರು.

ಆ ಬಿಡುವನ್ನು ಅವಳು ಕಳೆದದ್ದು ಟೈಲರ್ ಅವರ ಮನೆಯಲ್ಲೇ. ಟೈಲರ್ ಮಾತು ಬಿಟ್ಟಿದ್ದರಿಂದ ಹಿಂದುಗಡೆಯ ಅಡುಗೆಮನೆ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು. ಮಂಚವನ್ನು ಅಡುಗೆಮನೆಯ ಗೋಡೆಯ ಕಡೆಗೆ ಸರಿಸಿ, ಆ ಉಣ್ಣೆ ಬಟ್ಟೆಯ ಸುರುಳಿಗಳನ್ನೇ ಹೊರಗೋಡೆಯುದ್ದಕ್ಕೂ ನೆಲದಿಂದ ಸೂರಿನವರೆಗೆ ಪೇರಿಸತೊಡಗಿದಳು. ಹೆಂಡತಿ ಎತ್ತಿಕೊಡುತ್ತಿದ್ದಳು, ನಾನೂ ಕೈಹಾಕಿದೆ. ಬಟ್ಟೆಗೆ ಥಂಡಿ ಹಿಡಿಯುತ್ತದೆ ಎಂದು ಕೂಗಾಡುತ್ತ ಟೈಲರ್ ಬಂದರು. "ಇರಲಿ, ಗೋಡೆಗೂ ಬಟ್ಟೆಗೂ ನಡುವೆ ಒಂದು ಗೇಣು ಬಿಟ್ಟಿದ್ದೀನಿ, ಗಾಳಿ ಆಡುತ್ತೆ" ಎಂದಳು. ಅವರು ಒಂದು ಸುರುಳಿಯನ್ನು ಬೆರಳಿಂದ ಅಲುಗಾಡಿಸಿದರು. "ಹೀಗಾ ಪೇರಿಸೋದು? ನಾಳೆ ಎಲ್ಲಾ ಅತ್ತೆ ಮೇಲೇ ಬೀಳುತ್ತೆ. ಸರೀರಿ ಆ ಕಡೆ" ಎಂದವರೇ ಪೂರ್ತಿ ರಾಶಿಯನ್ನು ಕೆಡವಿ, ದಪ್ಪನೆಯದು ಕೆಳಗೆ, ತೆಳ್ಳನೆಯದು ಮೇಲೆ ಎಂದು ಮೊದಲಿನಿಂದ ಜೋಡಿಸಿದರು. ಆ ವಾರವೇ ಮುದುಕಿ ತನ್ನ ಮಂಚಕ್ಕೆ ಹೋದಳು. ಬೇಸಿಗೆಯಲ್ಲಿ ಹೊಸ ಮಂಜೂರಾತಿ ಬಂದು, ಗೋಡೆಗಳಿಗೆ ನಿಜವಾದ ಹೊದಿಕೆ ಬಂತು.

ಎರಡನೆಯ ಚೌಕಕ್ಕೆ ಗುರುತು ಹಾಕಿದ್ದೇಕೆಂದು ನಾನು ಒಮ್ಮೆ ಕೇಳಿದ್ದೆ. "ಅವರು ಸುಳ್ಳು ಹೇಳಿರಲಿಲ್ಲ ಕಣೇ," ಎಂದಳು. "ಅವರಿಗೆ ಅದು ಗೋಡೌನೇ ಆಗಿಹೋಗಿತ್ತು. ಅಜ್ಜಿಗೂ ಅಭ್ಯಾಸ ಆಗಿತ್ತು. ಅಭ್ಯಾಸ ಆಗದೆ ಇದ್ದವಳು ಆ ಮನೇಲಿ ನಾನೊಬ್ಬಳೇ."

ಎಷ್ಟು ಪ್ರೀತಿಯ ಸಂಸಾರದಲ್ಲೂ ಒಬ್ಬರು ಯಾವಾಗಲೋ ಸದ್ದಿಲ್ಲದೆ ಪಕ್ಕಕ್ಕೆ ಸರಿದಿರುತ್ತಾರೆ. ಅವರು ಬಿಟ್ಟ ಜಾಗವನ್ನು ಉಳಿದವರ ಸಾಮಾನು ತುಂಬಿಕೊಂಡಿರುತ್ತದೆ. ಇದರಲ್ಲಿ ಯಾರ ಕೆಟ್ಟತನವೂ ಇರುವುದಿಲ್ಲ. ಆದ್ದರಿಂದಲೇ ಹೊರಗಿನಿಂದ ಬಂದು ಆ ಮನೆಯ ಚಳಿಯಲ್ಲಿ ನಡುಗುವ ಒಬ್ಬರು ಬೇಕಾಗುತ್ತಾರೆ. ಅಂಥವರ ಕಣ್ಣಿಗೂ ಎಲ್ಲವೂ ಮೊದಲ ಸಲಕ್ಕೇ ಬೀಳುತ್ತದೆಂದು ನಾನು ಹೇಳಲಾರೆ. ಆದರೆ ಕಣ್ಣಿಗೆ ಬೀಳದೆ ಹೋದದ್ದು ತಿಳಿದ ದಿನ ಅವರು, ಒಳಗೆ ಬೈಗುಳ ಕಾದಿದೆಯೆಂದು ಗೊತ್ತಿದ್ದೂ, ಹಿಂದಿನ ಬಾಗಿಲಿಗಾದರೂ ಬಂದು ತಟ್ಟುತ್ತಾರೆ.